ಕೆಡವುವುದು ಯಾರ ಮನೆ?

ಕ್ಯಾಲಿಫೋರ್ನಿಯಾದ ಮನೆ ಬಾಡಿಗೆ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಹೀಗೆ ಬರೆದಿದ್ದೀರಿ: "ಹೆಚ್ಚು ಮನೆ ಕಟ್ಟಿ ಅನ್ನುವವರೂ ಬಾಡಿಗೆದಾರರ ಪರವೇ, ಬಾಡಿಗೆದಾರರ ಸಂಘಗಳೂ ಅವರ ಪರವೇ. ಮತ್ತೆ ಜಗಳ ಯಾಕೆ? ಸಂಘದವರಿಗೆ ಲೆಕ್ಕ ಅರ್ಥವಾಗಿಲ್ಲ, ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಮನೆ ಕಡಿಮೆ, ಬರುವ ಜನ ಜಾಸ್ತಿ ಆದರೆ ಬಾಡಿಗೆ ಏರುತ್ತದೆ ಎಂಬ ನಿಮ್ಮ ಲೆಕ್ಕ ಸರಿ. ಆದರೆ ಹೊಸ ಮನೆಗಳಿಂದ ಬಾಡಿಗೆ ಇಳಿಯಲು ವರ್ಷಗಳೇ ಬೇಕು. ಅಲ್ಲಿ ಹತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದವರಿಗೂ ಖಾಲಿ ಮಾಡಲು ಸಾಮಾನ್ಯವಾಗಿ ಸಿಗುವುದು 60 ದಿನದ ನೋಟಿಸ್.

2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟರ್ ಸ್ಕಾಟ್ ವೀನರ್ ಎಸ್‌ಬಿ (ಸೆನೆಟ್ ಬಿಲ್) 827 ಎಂಬ ಮಸೂದೆ ತಂದರು. ರೈಲು ನಿಲ್ದಾಣಗಳ ಹತ್ತಿರ, ಬಸ್ಸು ಹೆಚ್ಚು ಓಡಾಡುವ ರಸ್ತೆಗಳ ಹತ್ತಿರ ಎತ್ತರದ ಅಪಾರ್ಟ್‌ಮೆಂಟ್ ಕಟ್ಟಲು ಬಿಡಬೇಕು ಎಂದು. ಒಳ್ಳೆಯ ಯೋಚನೆಯೇ. ಆದರೆ ಬಸ್ಸನ್ನೇ ನಂಬಿದ ಬಡ ಬಾಡಿಗೆದಾರರು ಬದುಕುತ್ತಿರುವುದೂ ಅಲ್ಲೇ. ಎಂಟು ಮನೆಯ ಹಳೇ ಕಟ್ಟಡ ಕೆಡವಿ ಐವತ್ತು ಮನೆ ಎಬ್ಬಿಸಿದರೆ ಊರಿಗೆ ನಲವತ್ತೆರಡು ಮನೆ ಹೆಚ್ಚಾಯಿತು, ನಿಜ. ಆ ಎಂಟು ಸಂಸಾರಗಳು ಎಲ್ಲಿಗೆ ಹೋಗಬೇಕು? ಅವರ ರಕ್ಷಣೆಯ ಮಾತು ಮಸೂದೆಗೆ ಸೇರಿದ್ದು ವಿರೋಧ ಎದ್ದ ಮೇಲೆ. ಅಷ್ಟರಲ್ಲಿ ನಂಬಿಕೆ ಕೆಟ್ಟಿತ್ತು. ಹಲವು ಊರಾಡಳಿತಗಳೂ ಬೇಡ ಅಂದವು. ಏಪ್ರಿಲ್‌ನಲ್ಲಿ ಮಸೂದೆ ಸಮಿತಿಯಲ್ಲೇ ಬಿದ್ದುಹೋಯಿತು.

ಮರುವರ್ಷದ ಎಸ್‌ಬಿ 330 ಕಾಯ್ದೆ ಈ ಭಯಕ್ಕೆ ನೇರವಾಗಿ ಉತ್ತರ ಕೊಟ್ಟಿತು. ಜನ ಬಾಡಿಗೆಗಿದ್ದ ಹಳೇ ಮನೆ ಕೆಡವಿದರೆ ಅಷ್ಟೇ ಮನೆ ಮತ್ತೆ ಕಟ್ಟಬೇಕು. ಅಲ್ಲಿದ್ದ ಕಡಿಮೆ ಆದಾಯದವರು ಕೈಗೆಟುಕುವ ಬಾಡಿಗೆಗೆ ಹಿಂದಿರುಗುವ ಹಕ್ಕೂ ಅದರಲ್ಲಿದೆ.

ಹಾಗಂತ ಸಂಘಗಳು ಕೇಳಿದ್ದೆಲ್ಲ ಸರಿ ಅನ್ನಲಾರೆ. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ 2021ರಲ್ಲಿ ಮತದಾರರು ವರ್ಷಕ್ಕೆ 3%ಗಿಂತ ಹೆಚ್ಚು ಬಾಡಿಗೆ ಏರಿಸಬಾರದು ಎಂಬ ಮಿತಿ ತಂದರು, ಹೊಸ ಕಟ್ಟಡಗಳಿಗೂ ಸೇರಿಸಿ. ಕಟ್ಟುವವರು ಹಿಂದೆ ಸರಿದರು. ಮರುವರ್ಷ ಹೊಸ ಮನೆಗಳಿಗೆ 20 ವರ್ಷ ವಿನಾಯಿತಿ ಕೊಡಬೇಕಾಯಿತು.

ಯಾರಾದರೂ ಒಬ್ಬರ ಪರ ನಿಲ್ಲಿ ಅಂದಿದ್ದೀರಿ. ಮನೆ ಕಟ್ಟಲಿ ಎಂದೇ ನನ್ನ ಆಸೆ. ಆದರೆ ಮೊದಲು ಪಾರ್ಕಿಂಗ್ ಜಾಗಗಳಲ್ಲಿ, ಒಂಟಿ ಮನೆಗಳ ಬಡಾವಣೆಗಳಲ್ಲಿ ಕಟ್ಟಲಿ. ಆರೆಗನ್ ರಾಜ್ಯ 2019ರಲ್ಲಿ ಎರಡೂ ಕೆಲಸವನ್ನು ಒಟ್ಟಿಗೆ ಮಾಡಿತು. ಇಡೀ ರಾಜ್ಯಕ್ಕೆ ಬಾಡಿಗೆ ಏರಿಕೆಯ ಮಿತಿ ಹಾಕಿತು, ಹೊಸ ಕಟ್ಟಡಗಳನ್ನು 15 ವರ್ಷ ಅದರಿಂದ ಹೊರಗಿಟ್ಟಿತು. ಅದೇ ವರ್ಷ, ಒಂದೇ ಮನೆಗೆ ಮೀಸಲಾಗಿದ್ದ ನಿವೇಶನಗಳಲ್ಲಿ ಎರಡು ಮನೆಗೆ, ದೊಡ್ಡ ಊರುಗಳಲ್ಲಿ ನಾಲ್ಕರವರೆಗೂ ದಾರಿ ಬಿಟ್ಟಿತು.

– ಸಂ.