ಓದುಗರ ಪ್ರಶ್ನೆ: ಕಡಲಿಗೆ ಇಳಿಯುವ ಓಣಿ ಯಾರದ್ದು?

ಹೋದ ಸಂಚಿಕೆಯಲ್ಲಿ ಅಕ್ಕಪಕ್ಕದ ಮನೆಯವರ ಬೇಲಿ ಜಗಳದ ಬಗ್ಗೆ ಬರೆಯುವಾಗ, ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: "ಬೇಲಿ ಎಲ್ಲಿ ಬೇಕಾದರೂ ಹಾಕಬಹುದು, ಕಡಲಿಗೆ ಮಾತ್ರ ಹಾಕಲಾಗದು." ಬೇಲಿ ಜಗಳಕ್ಕೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿಗೆ ಬಂದ ಪತ್ರಗಳೇ ಜಾಸ್ತಿ. ಕೆಲವರು ಹೊಗಳಿದ್ದಾರೆ. ಕೆಲವರು "ನಮ್ಮೂರಿಗೆ ಬಂದು ನೋಡಿ, ಹಾಕಿದ್ದಾರೆ" ಎಂದು ಬೈದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಕಡಲಿನದೇ ಮಾತು.

ಪ್ರಶ್ನೆ: ನಮ್ಮದು ಕುಂದಾಪುರ ತಾಲೂಕಿನ ಕಡಲ ಬದಿಯ ಊರು. ಅಜ್ಜನ ಕಾಲದಿಂದ ಎರಡು ತೆಂಗಿನ ತೋಟಗಳ ನಡುವಿನ ಓಣಿಯಲ್ಲೇ ಕಡಲಿಗೆ ಇಳಿಯುತ್ತಿದ್ದೆವು. ಕೈರಂಪಣಿ ಬಲೆ ಹೊತ್ತುಕೊಂಡು ಹೋಗುವುದೂ ಅಲ್ಲೇ. ಈಗ ಎರಡೂ ತೋಟವನ್ನು ಒಬ್ಬರೇ ಕೊಂಡು ರೆಸಾರ್ಟ್ ಮಾಡಿ ಓಣಿಗೆ ಗೇಟು ಹಾಕಿದ್ದಾರೆ. ಕೇಳಿದರೆ "ಕಡಲಿಗೆ ಬೇಡ ಅಂದೆವಾ? ಹೋಗಿ, ಆದರೆ ನಮ್ಮ ಜಾಗದಲ್ಲಿ ಬೇಡ" ಎನ್ನುತ್ತಾರೆ. ಸುತ್ತಿ ಹೋದರೆ ಎರಡು ಕಿಲೋಮೀಟರ್. ಏನು ಮಾಡುವುದು?
— ಒಬ್ಬ ಓದುಗ

ಉತ್ತರ: ಅವರು ಹೇಳಿದ ಮಾತಲ್ಲೇ ಇಡೀ ಜಗಳ ಇದೆ ನೋಡಿ. ಹೊಯಿಗೆ, ಅಂದರೆ ಕಡಲ ಬದಿಯ ಮರಳು, ತಮ್ಮದು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಿದರೆ ನಿಲ್ಲುವುದೂ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಭರತದ ಗೆರೆಯ (ಉಬ್ಬರದಲ್ಲಿ ನೀರು ಬಂದು ಮುಟ್ಟುವ ಗೆರೆ) ಕೆಳಗಿನ ಕಡಲ ತಳ ಸರಕಾರದ್ದು ಎಂದು ನೇರವಾಗಿ ಹೇಳುತ್ತದೆ. ಹಾಗಾಗಿ ಕಡಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಓಣಿ ಕಿತ್ತುಕೊಳ್ಳುತ್ತಾರೆ. ಓಣಿ ಹೋದರೆ ಕಡಲು ಇದ್ದೂ ಇಲ್ಲದ ಹಾಗೆ.

ನಿಮ್ಮದೇ ಕಥೆ ಗೋವಾದಲ್ಲಿ ಆಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಪಣಜಿ ಹತ್ತಿರ ದೋನಾ ಪೌಲಾದಲ್ಲಿ ವೈಂಗಿಣಿ ಎಂಬ ಪುಟ್ಟ ಬೀಚ್ ಇದೆ. ಅಲ್ಲಿ ದೊಡ್ಡ ಹೋಟೆಲ್ ಒಂದಕ್ಕಾಗಿ ಸರಕಾರವೇ ಜಮೀನು ವಶಪಡಿಸಿ ಕೊಟ್ಟಿತ್ತು. 1983ರ ಒಪ್ಪಂದದಲ್ಲಿ ಜನ ಬೀಚಿಗೆ ಹೋಗುವ ದಾರಿಗೆ ಅಡ್ಡಿ ಮಾಡಬಾರದು ಎಂಬ ಷರತ್ತು ಇತ್ತು. ಆಮೇಲೆ ಹೋಟೆಲ್ ಬೆಳೆಯಿತು, ದಾರಿ ಹೋಯಿತು. ಊರವರು ಕೋರ್ಟಿಗೆ ಹೋದರು. 2000ದಲ್ಲಿ ಬಾಂಬೆ ಹೈಕೋರ್ಟ್ ದಾರಿ ಬಿಡಿ, ಅಡ್ಡ ಕಟ್ಟಿದ್ದನ್ನು ಕೆಡವಿ ಎಂದಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಡಲು, ನದಿ, ಗಾಳಿ, ಇವಕ್ಕೆಲ್ಲ ಸರಕಾರ ಮಾಲೀಕ ಅಲ್ಲ, ಜನರ ಪರವಾಗಿ ನೋಡಿಕೊಳ್ಳುವ ಪಾರುಪತ್ಯಗಾರ ಮಾತ್ರ ಎಂಬ ಮಾತು ಆ ತೀರ್ಪಿನ ಬೆನ್ನೆಲುಬು. ಬಿಯಾಸ್ ನದಿ ದಂಡೆಯ ಮೋಟೆಲ್ ಕೇಸಿನಲ್ಲಿ 1996ರಲ್ಲೇ ಅದೇ ಕೋರ್ಟ್ ಇದನ್ನು ಹೇಳಿತ್ತು. ಖುಷಿಪಡುವ ಮೊದಲು ಇನ್ನೊಂದು ವಿಷಯವೂ ಗೊತ್ತಿರಲಿ. 2009ರ ಆ ತೀರ್ಪು ಬಂದ ಮೇಲೆ ಗೋವಾ ಸರಕಾರ ಕಾನೂನಿಗೇ ತಿದ್ದುಪಡಿ ತಂದು ಹೋಟೆಲನ್ನು ಉಳಿಸಲು ಓಡಾಡಿತು. ಪಾರುಪತ್ಯಗಾರರು ಎಷ್ಟು ನಂಬಿಕಸ್ಥರು ಅಂತ ನಮ್ಮ ದೇವಸ್ಥಾನಗಳಲ್ಲೂ ನೋಡಿದ್ದೇವೆ, ಬಿಡಿ.

ಇನ್ನು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಲ್ಲಿ ಮೊದಲು ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಎರಡು ರೆಸಾರ್ಟ್‌ಗಳ ನಡುವೆ ಜನ ಬೀಚಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂಬುದು ಅದರಲ್ಲಿ ಮೊದಲಿನಿಂದಲೂ ಇದೆ. ಖಾಸಗಿ ಜಾಗಕ್ಕೆ ಬೇಲಿ ಹಾಕಬಹುದು, ಆದರೆ ಅದು ಬೀಚಿಗೆ ಹೋಗುವವರನ್ನು ತಡೆಯಬಾರದು ಎಂದೂ ಇದೆ. ಆ 20 ಮೀಟರಿನ ಸಾಲಿನ ಮುಂದಿನ ಭಾಗ ಓದಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕು: ಇಂಥ ಎರಡು ದಾರಿಗಳ ನಡುವಿನ ಅಂತರ 500 ಮೀಟರ್‌ಗಿಂತ ಕಡಿಮೆ ಇರಬಾರದಂತೆ! ಬರೆದವರ ಮನಸ್ಸಿನಲ್ಲಿ ಇದ್ದದ್ದು "ಜಾಸ್ತಿ ಇರಬಾರದು" ಎಂದೇ ಇರಬೇಕು. ಇಷ್ಟು ಸಲ ಬದಲಾಯಿಸಿದವರು ಇದನ್ನೊಂದು ನೋಡಬಾರದಿತ್ತೇ?

ಈಗ ನಿಮ್ಮ ಕೆಲಸ. ಮೊದಲು ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಓಣಿ ಚುಕ್ಕೆ ಗೆರೆಯಲ್ಲಿ ಕಂಡರೆ ಅರ್ಧ ಗೆದ್ದ ಹಾಗೆ, ಯಾಕೆಂದರೆ ಅಲ್ಲಿ ದಾರಿ ಇತ್ತು ಎಂಬುದಕ್ಕೆ ಸರಕಾರದ್ದೇ ದಾಖಲೆ ಸಿಕ್ಕ ಹಾಗೆ. ಪಂಚಾಯತಿ ದಾಖಲೆ, ಹಳೆ ಫೋಟೋ, ಓಣಿಗೆ ಯಾವತ್ತೋ ಹಾಕಿದ ಬೀದಿದೀಪದ ಬಿಲ್ಲು, ಎಲ್ಲ ಸೇರಿಸಿಡಿ. ಬೀದಿದೀಪ ಎಂದೆ ಅಂತ ನಗಬೇಡಿ, ಖಾಸಗಿ ಓಣಿಗೆ ಪಂಚಾಯತಿ ದೀಪ ಹಾಕುವುದಿಲ್ಲ ಅಲ್ವಾ? ಸಾರ್ವಜನಿಕ ದಾರಿಗೆ ಅಡ್ಡಿ ಎಂದು ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ ಅರ್ಜಿ ಕೊಡಬಹುದು. ಹಿಂದೆ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಎನ್ನುತ್ತಿದ್ದೆವು, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 152. ಜಿಲ್ಲಾಧಿಕಾರಿಗಳ ಕೈಕೆಳಗೆ ಸಿಆರ್‌ಝಡ್ ಜಿಲ್ಲಾ ಸಮಿತಿ ಇರುತ್ತದೆ. ಅದರಲ್ಲಿ ಮೀನುಗಾರರಂಥ ಸ್ಥಳೀಯರ ಪ್ರತಿನಿಧಿಗಳು ಮೂವರಾದರೂ ಇರಬೇಕು ಎಂದು ಸಿಆರ್‌ಝಡ್ ನಿಯಮ ಹೇಳುತ್ತದೆ. ಅವರು ಯಾರು ಎಂದು ಕೇಳಿ ತಿಳಿದುಕೊಳ್ಳಿ, ಅವರ ಮೂಲಕವೂ ದೂರು ಹಾಕಿ. ಇದ್ಯಾವುದೂ ಆಗದಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಇದೆ.

ಒಂದು ಮಾತು ಮಾತ್ರ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಕಾಶೆಯಲ್ಲಿ ಓಣಿ ಇಲ್ಲ, ಬರೀ ರೂಢಿಯಿಂದ ನಡೆದ ದಾರಿ ಎಂದಾದರೆ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಬಳಕೆಯ ಹಕ್ಕಿನ ಕಾಯ್ದೆ ಬರುತ್ತದೆ. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ಹೆದರದೆ, ರಾಜಾರೋಷವಾಗಿ 20 ವರ್ಷ ನಡೆದಿದ್ದರೆ ಹಕ್ಕು ಹುಟ್ಟುತ್ತದೆ. ಆದರೆ ದಾರಿ ಮುಚ್ಚಿದ ಎರಡು ವರ್ಷದೊಳಗೆ ದಾವೆ ಹಾಕಬೇಕು. "ಮಾತಾಡುವಾ, ಮಾತಾಡುವಾ" ಎಂದು ಮೂರು ಮಳೆಗಾಲ ಕಳೆದು ವಕೀಲರ ಹತ್ತಿರ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ನಮ್ಮ ಹತ್ತಿರದ ಜಮೀನುದಾರರು ನೀರಿನ ಅಂಚಿನವರೆಗೂ ತಮ್ಮ ಕುಮ್ಕಿ ಎನ್ನುತ್ತಾರೆ. ದೋಣಿ ಎಳೆದಿಟ್ಟರೂ ತಕರಾರು. ಇದು ಸರಿಯಾ?
— ಉಡುಪಿ ಕಡೆಯವರು

ಉತ್ತರ: ಸರಿಯಲ್ಲ. ಕುಮ್ಕಿ ಅಂದರೆ ಪಕ್ಕದ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವಂಥ ಒಂದು ಸವಲತ್ತು, ಮಾಲೀಕತ್ವ ಅಲ್ಲ. ನೀರು ಮುಟ್ಟುವ ಹೊಯಿಗೆಯಲ್ಲಿ ಯಾವ ಸೊಪ್ಪು ಕೊಯ್ಯುತ್ತಾರಂತೆ, ಕೇಳಿ ನೋಡಿ.

ಪ್ರಶ್ನೆ: ನೀವು ಬರೀ ರೆಸಾರ್ಟಿನವರನ್ನು ಬೈಯುತ್ತೀರಿ. ನಾವು ಹೊನ್ನಾವರ ಕಡೆಯವರು, ಮೂರು ತಲೆಮಾರಿನಿಂದ ಕಡಲ ಬದಿ ಮನೆ. ಶನಿವಾರ ಬಂತೆಂದರೆ ಬೈಕಿನಲ್ಲಿ ಬಂದವರು ನಮ್ಮ ಅಂಗಳ ದಾಟಿ ಹೋಗುತ್ತಾರೆ. ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಾರೆ, ಬಾಟಲಿ ಒಡೆದು ಹಾಕುತ್ತಾರೆ. ಕೇಳಿದರೆ "ಬೀಚ್ ಪಬ್ಲಿಕ್ ಅಲ್ವಾ ಆಂಟಿ?" ಎನ್ನುತ್ತಾರೆ. ನಮಗೆ ಹಕ್ಕೇ ಇಲ್ಲವಾ?
— ಬೇಸತ್ತ ಒಬ್ಬ ಗೃಹಿಣಿ

ಉತ್ತರ: ಅಮ್ಮಾ, ಇದೆ. ಬೀಚ್ ಪಬ್ಲಿಕ್ ಎಂದರೆ ನಿಮ್ಮ ಬಾವಿಕಟ್ಟೆ ಪಬ್ಲಿಕ್ ಎಂದಲ್ಲ. ಪಟ್ಟಾ ಜಾಗದ ಒಳಗೆ ನಕಾಶೆಯ ದಾರಿಯೋ, ರೂಢಿಯ ದಾರಿಯೋ ಇಲ್ಲದಿದ್ದರೆ ಯಾರೂ ಹಾಗೆ ನುಗ್ಗುವಂತಿಲ್ಲ. ಅಂಗಳಕ್ಕೆ ಬೇಲಿ ಹಾಕಿ, ಧೈರ್ಯವಾಗಿ ಹಾಕಿ. ಊರವರು ಮೊದಲಿನಿಂದ ನಡೆದ ಕಾಲುದಾರಿ ಪಕ್ಕದಲ್ಲಿ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಅದರ ಬಾಯಲ್ಲಿ "ಕಡಲಿಗೆ ದಾರಿ" ಎಂದು ಒಂದು ಬೋರ್ಡು ನೆಟ್ಟರೆ ಅರ್ಧ ಜನ ಅಂಗಳಕ್ಕೆ ಬರುವುದೇ ನಿಲ್ಲುತ್ತದೆ. ಪಾಪ, ಎಷ್ಟೋ ಜನರಿಗೆ ದಾರಿ ಗೊತ್ತಿಲ್ಲದೆಯೇ ನಿಮ್ಮ ಅಂಗಳಕ್ಕೆ ಬರುವುದು. (ಬಾಟಲಿ ಒಡೆಯುವವರಿಗೆ ನಾನು ಪಾಪ ಎನ್ನುತ್ತಿಲ್ಲ.) ನೆರೆಮನೆಯವರನ್ನು ಸಲುಗೆಯಿಂದ ಅಂಗಳದಲ್ಲಿ ಬಿಡುತ್ತಿದ್ದರೆ, ಅದು ನಿಮ್ಮ ಅನುಮತಿಯ ಮೇಲೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅನುಮತಿ ಪಡೆದು ನಡೆದ ದಾರಿಗೆ ಎಷ್ಟು ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ.

ರೆಸಾರ್ಟಿಗೂ ನಿಮಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಹತ್ತು ಸೆಂಟ್ಸಿನ ಹಳೆ ಮನೆ ಪಕ್ಕದಲ್ಲಿ ಯಾರಿಗೂ ದಾರಿ ತಪ್ಪುವುದಿಲ್ಲ. ಅರ್ಧ ಕಿಲೋಮೀಟರ್ ಉದ್ದದ ಕಂಪೌಂಡ್ ಬಂದಾಗಲೇ ಊರಿಗೆ ಊರೇ ಕಡಲಿನಿಂದ ದೂರ ಆಗುವುದು. ನಿಮಗಿರುವ ದೊಡ್ಡ ಗಂಡಾಂತರ ಬೈಕಿನವರಲ್ಲ, ಕಡಲ್ಕೊರೆತ. ವರ್ಷ ವರ್ಷ ಆಷಾಢದಲ್ಲಿ ಕಡಲು ಎರಡು ತೆಂಗಿನಮರ ನುಂಗಿದರೆ ಭರತದ ಗೆರೆಯೂ ಒಳಗೆ ಬರುತ್ತದೆ, ಪಹಣಿಯಲ್ಲಿ ಹೆಸರು ಮಾತ್ರ ಮೊದಲಿನ ಹಾಗೇ ಇರುತ್ತದೆ. ಅದಕ್ಕೆ ಕಲ್ಲಿನ ತಡೆಗೋಡೆ ಹಾಕಿಸಿ ಎಂದು ಎಲ್ಲರೂ ಕೇಳುತ್ತಾರೆ. ಹಾಕಿದ ಕಡೆ ದೋಣಿ ಎಳೆಯಲು ಜಾಗ ಇರುವುದಿಲ್ಲ, ಇಳಿಯುವ ದಾರಿಯೂ ಇರುವುದಿಲ್ಲ. ಗೋಡೆ ಕೇಳುವಾಗಲೇ ನಡುನಡುವೆ ದೋಣಿಗೆ ಜಾಗ ಬಿಡಿ ಎಂದು ಪಂಚಾಯತಿ ಠರಾವಿನಲ್ಲಿ ಬರೆಸಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಶಿವಮೊಗ್ಗದಿಂದ ಬಂದ ಅಪ್ಪ ಅಮ್ಮನನ್ನು ಮಾಲಿಬು ಕಡೆ ಕರೆದುಕೊಂಡು ಹೋಗಿದ್ದೆ. ಮನೆಗಳ ಮುಂದೆಲ್ಲ "ಖಾಸಗಿ ಬೀಚ್" ಎಂಬ ಬೋರ್ಡು ನೋಡಿ ಅಪ್ಪ "ಇಲ್ಲಿ ಸಮುದ್ರವನ್ನೂ ಮಾರುತ್ತಾರಾ?" ಎಂದರು. ಮಾರುತ್ತಾರಾ?

ಉತ್ತರ: ಇಲ್ಲ ಎಂದು ಅಪ್ಪನಿಗೆ ಹೇಳಿ. ಆ ರಾಜ್ಯದಲ್ಲಿ ಸರಾಸರಿ ಭರತದ ಗೆರೆಯ ಕೆಳಗಿನ ಹೊಯಿಗೆ ಜನರದ್ದು. ಒದ್ದೆ ಹೊಯಿಗೆಯಲ್ಲಿ ನಡೆದರೆ ಯಾರೂ ಏನೂ ಕೇಳುವಂತಿಲ್ಲ ಎಂಬುದು ಅಲ್ಲಿನ ಜನರ ಲೆಕ್ಕ. ಮೇಲಿನ ಒಣ ಹೊಯಿಗೆ ಕೆಲವು ಕಡೆ ಮನೆಯವರದ್ದೇ ಇರಬಹುದು. ಬೋರ್ಡು ಹಾಕಿದ್ದೆಲ್ಲ ಕಾನೂನಲ್ಲ, ಅನುಮತಿ ಇಲ್ಲದ ಬೋರ್ಡುಗಳ ಮೇಲೆ ಅಲ್ಲಿನ ಕರಾವಳಿ ಆಯೋಗ ಕ್ರಮ ತೆಗೆದುಕೊಂಡದ್ದೂ ಉಂಟು.

ಅಲ್ಲೂ ಜಗಳ ದಾರಿಯದ್ದೇ, ಮತ್ತು ಅದರಲ್ಲಿ ನಮ್ಮ ದೇಶದಿಂದ ಹೋದವರೊಬ್ಬರ ಹೆಸರು ದೊಡ್ಡದಾಗಿ ಕೇಳಿಬಂದಿದೆ. ಸಿಲಿಕಾನ್ ವ್ಯಾಲಿಯ ಹೂಡಿಕೆದಾರ ವಿನೋದ್ ಖೋಸ್ಲಾ 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಮಾರ್ಟಿನ್ಸ್ ಬೀಚ್ ಪಕ್ಕದ ಜಮೀನನ್ನು 3 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡರು. ಹಿಂದಿನ ಮಾಲೀಕರು ದಶಕಗಟ್ಟಲೆ ಪಾರ್ಕಿಂಗ್ ದುಡ್ಡು ತೆಗೆದುಕೊಂಡು ಜನರನ್ನು ಬಿಡುತ್ತಿದ್ದರು. ಹೊಸ ಮಾಲೀಕರು ಸ್ವಲ್ಪ ಕಾಲ ಬಿಟ್ಟು, ಆಮೇಲೆ ಗೇಟು ಮುಚ್ಚಿದರು. ಅಲೆ ಸವಾರಿಯವರ ಸಂಸ್ಥೆ ಸರ್ಫ್‌ರೈಡರ್ ಕೋರ್ಟಿಗೆ ಹೋಯಿತು. ನನಗೆ ಇಷ್ಟವಾದದ್ದು ಆ ವಾದದ ಜಾಣತನ. ರಸ್ತೆ ಯಾರದ್ದು ಎಂಬ ಕಗ್ಗಂಟಿಗೆ ಅವರು ಕೈ ಹಾಕಲೇ ಇಲ್ಲ. 1976ರ ಕರಾವಳಿ ಕಾಯ್ದೆ ಪ್ರಕಾರ, ಜನ ಕಡಲಿಗೆ ಹೋಗುವ ರೀತಿಯನ್ನು ಬದಲಾಯಿಸುವುದಕ್ಕೇ ಪರ್ಮಿಟ್ ಬೇಕು, ಗೇಟು ಮುಚ್ಚಿದವರು ಅದನ್ನು ತೆಗೆದುಕೊಂಡಿಲ್ಲ ಎಂದರು ಅಷ್ಟೇ. ಗೆದ್ದರು. ಖೋಸ್ಲಾ ಕಡೆಯ ಮೇಲ್ಮನವಿಯನ್ನು 2018ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲೇ ಇಲ್ಲ. ಇಷ್ಟಾದರೂ ಆ ಬೀಚಿನ ಜಗಳ ಅಲ್ಲಿಗೇ ನಿಲ್ಲಲಿಲ್ಲ, ಬೇರೆ ಕೇಸುಗಳು ಬಂದವು. ಆದರೂ ಕುಂದಾಪುರದ ಓದುಗರು ಆ ವಾದವನ್ನು ತಮ್ಮ ವಕೀಲರಿಗೆ ಒಮ್ಮೆ ಹೇಳಿ ನೋಡಲಿ. ಓಣಿ ಯಾರದ್ದು ಎಂಬುದು ಆಮೇಲೆ, ರೆಸಾರ್ಟಿಗೆ ಸಿಆರ್‌ಝಡ್ ಅನುಮತಿ ಕೊಟ್ಟಾಗ ದಾರಿಯ ಬಗ್ಗೆ ಏನು ಷರತ್ತು ಹಾಕಿದ್ದಾರೆ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಮೊದಲು ತೆಗೆಸಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ಗೋಕರ್ಣದ ಹತ್ತಿರ "ಬೀಚ್ ಟಚ್" ಜಾಗ ಇದೆ, ಈಗ ಯಾರು ಬೇಕಾದರೂ ಕೃಷಿ ಜಮೀನು ತಗೊಳ್ಳಬಹುದು ಎಂದು ಏಜೆಂಟ್ ಬೆನ್ನು ಬಿದ್ದಿದ್ದಾನೆ. ತಗೊಳ್ಳಲಾ?

ಉತ್ತರ: ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ. 2020ರ ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮೇಲೆ ಅಲ್ಲಿ ಏನು ಕಟ್ಟಬಹುದು ಎಂಬುದು ಬೇರೆ ಕಥೆ. 2019ರ ನಿಯಮದಂತೆ ಹಳ್ಳಿ ಕಡೆಯ ಕರಾವಳಿಯಲ್ಲಿ ಎರಡು ಬಗೆ. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ ಭರತದ ಗೆರೆಯಿಂದ 50 ಮೀಟರ್ ಸಾಮಾನ್ಯವಾಗಿ ಹೊಸದಾಗಿ ಕಟ್ಟುವಂತಿಲ್ಲ, ಅದಕ್ಕಿಂತ ಕಡಿಮೆ ಜನ ಇರುವ ಕಡೆ 200 ಮೀಟರ್. "ಬೀಚ್ ಟಚ್" ಎಂದರೆ ಆ 200 ಮೀಟರ್ ಒಳಗೆ ಎಂದೇ ಅರ್ಥ ತಾನೇ? ದುಡ್ಡು ಕೊಡುವುದು ಟಚ್ಚಿಗೆ, ಮನೆ ಕಟ್ಟಲಾಗದ್ದೂ ಅದೇ ಟಚ್ಚಿನಿಂದ.

ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂದು ನೋಡದೆ ಅಡ್ವಾನ್ಸ್ ಕೊಡಬೇಡಿ. ಜಾಗ ನೋಡಲು ಏಜೆಂಟ್ ಡಿಸೆಂಬರಿನಲ್ಲಿ ಕರೆಯುತ್ತಾನೆ, ಆಗ ಕಡಲು ಕೆರೆಯ ಹಾಗೆ ಇರುತ್ತದೆ. ನೀವು ಆಷಾಢದ ಅಮಾವಾಸ್ಯೆಯಂದು, ಭರತದ ಹೊತ್ತಿಗೆ ಹೋಗಿ. ನೀರು ಯಾವ ಮರದ ಬುಡಕ್ಕೆ ಬಂತು ನೋಡಿ. ಆ ಜಾಗದೊಳಗಿಂದ ಯಾರಾದರೂ ಬಲೆ ಹೊತ್ತು ಕಡಲಿಗೆ ಇಳಿಯುತ್ತಿದ್ದಾರಾ ಅದನ್ನೂ ನೋಡಿ. ಇಳಿಯುತ್ತಿದ್ದರೆ ಎಷ್ಟು ವರ್ಷದಿಂದ ಎಂದು ಅವರನ್ನೇ ಕೇಳಿ. ಏಜೆಂಟನನ್ನು ಕೇಳಬೇಡಿ.