ಅಬ್ರಹಾಮನ ಸಮಾಧಿಗೆ ಈಗ ಎರಡು ಬಾಗಿಲು

ಪ್ರಶ್ನೆ: ಯೆಹೂದ್ಯರು, ಕ್ರೈಸ್ತರು, ಮುಸ್ಲಿಮರು ಮೂವರೂ ಅಬ್ರಹಾಮನನ್ನೇ ಮೂಲಪುರುಷ ಎನ್ನುತ್ತಾರೆ. ದೇವರು ಒಬ್ಬನೇ ಎಂಬುದರಲ್ಲೂ ಮೂವರಿಗೂ ಒಮ್ಮತವಿದೆ. ಆದರೂ ಸಾವಿರಾರು ವರ್ಷಗಳಿಂದ ಏಕೆ ಹೊಡೆದಾಡುತ್ತಿದ್ದಾರೆ? ಇದು ಧರ್ಮದ ಜಗಳವೋ, ಜಮೀನಿನ ಜಗಳವೋ?
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈ ಪ್ರಶ್ನೆ ಎದ್ದಾಗ ಎಲ್ಲರೂ ಜೆರುಸಲೇಮಿನತ್ತ ಕೈ ತೋರಿಸುತ್ತಾರೆ. ನಾನು ನಿಮ್ಮನ್ನು ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಹೆಬ್ರೋನಿಗೆ ಕರೆದೊಯ್ಯುತ್ತೇನೆ. ಅರಬರು ಈ ಊರನ್ನು ಅಲ್-ಖಲೀಲ್ ಎಂದು ಕರೆಯುತ್ತಾರೆ. ಖಲೀಲ್ ಎಂದರೆ ಗೆಳೆಯ; ದೇವರ ಗೆಳೆಯ ಇಬ್ರಾಹಿಮರ, ಅಂದರೆ ಅಬ್ರಹಾಮನ ಊರು ಎಂದರ್ಥ.

ಮಕ್ಪೇಲ ಎಂಬ ಗವಿ ಇರುವುದು ಇಲ್ಲೇ. ಬೈಬಲಿನ ಆದಿಕಾಂಡದಲ್ಲಿ 23ನೆಯ ಅಧ್ಯಾಯ ಪೂರ್ತಿ ಈ ಗವಿಯ ಕ್ರಯದ ಕಥೆ. ಹೆಂಡತಿ ಸಾರಾ ತೀರಿಕೊಂಡಾಗ ಅವಳನ್ನು ಹೂಳಲು ಅಬ್ರಹಾಮನಿಗೆ ಸ್ವಂತದ್ದೆಂಬ ಗೇಣು ನೆಲವಿರಲಿಲ್ಲ. ಹಿತ್ತಿಯ ಕುಲದ ಎಫ್ರೋನ ಪುಕ್ಕಟೆ ಕೊಡುತ್ತೇನೆಂದರೂ ಒಪ್ಪದೆ, ಹತ್ತು ಜನರ ಎದುರು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಹೊಲವನ್ನೂ ಗವಿಯನ್ನೂ ಕೊಂಡ. ಎರಡು ಅಧ್ಯಾಯ ದಾಟಿದರೆ ಅಬ್ರಹಾಮನ ಸಾವು. ಯೆಹೂದ್ಯರು ತಮ್ಮ ಪೂರ್ವಜನೆನ್ನುವ ಇಸಾಕ, ಅರಬರು ತಮ್ಮ ಪೂರ್ವಜನೆನ್ನುವ ಇಷ್ಮಾಯೇಲ, ಇಬ್ಬರೂ ಕೂಡಿ ತಂದೆಯನ್ನು ಅದೇ ಗವಿಯಲ್ಲಿ ಹೂಳುತ್ತಾರೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಸಾಲಿಗೆ ಬಂದಾಗಲೆಲ್ಲ ನನಗೆ ಮುಂದೆ ಓದುವುದು ಕಷ್ಟವಾಗುತ್ತಿತ್ತು.

ಒಬ್ಬನೇ ತಂದೆ ಎನ್ನುವುದು ಜಗಳ ಬಿಡಿಸಲಿಲ್ಲ. ವಾರಸುದಾರರು ಯಾರು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ದೇವರ ವಾಗ್ದಾನ ಇಸಾಕನ ಸಂತತಿಗೆ ಎಂದು ಯೆಹೂದ್ಯರ ನಂಬಿಕೆ. ನಂಬಿದವರೇ ಅಬ್ರಹಾಮನ ಮಕ್ಕಳು, ರಕ್ತಸಂಬಂಧ ಮುಖ್ಯವಲ್ಲ ಎಂದು ಸಂತ ಪೌಲ ಬರೆದ. ಇಬ್ರಾಹಿಂ ಯೆಹೂದ್ಯರೂ ಅಲ್ಲ, ಕ್ರೈಸ್ತರೂ ಅಲ್ಲ, ದೇವರಿಗೆ ಶರಣಾದವರು ಎಂದು ಕುರ್‌ಆನ್ ಹೇಳುತ್ತದೆ. ಬಕ್ರೀದ್ ಹಬ್ಬದಲ್ಲಿ ನೆನೆಯುವ ಬಲಿಯ ಪ್ರಸಂಗವನ್ನೇ ನೋಡಿ: ತಂದೆ ಬಲಿಗೆ ಕರೆದೊಯ್ದ ಮಗ ಬೈಬಲಿನಲ್ಲಿ ಇಸಾಕ, ಬಹುಪಾಲು ಮುಸ್ಲಿಮರ ನಂಬಿಕೆಯಲ್ಲಿ ಇಸ್ಮಾಯಿಲ್.

ಗವಿಯ ಸುತ್ತ ಹೆರೋದ ರಾಜನ ಕಾಲದ, ಎರಡು ಸಾವಿರ ವರ್ಷ ಹಳೆಯ ಗೋಡೆ ಇಂದಿಗೂ ಗಟ್ಟಿಯಾಗಿದೆ. ಗೋಡೆಯ ಒಳಗಿನದು ಮಾತ್ರ ಆಳುವವರು ಬದಲಾದಂತೆ ಬದಲಾಯಿತು. ಬೈಜಾಂಟಿಯನ್ನರ ಕಾಲಕ್ಕೆ ಚರ್ಚು, ಅರಬರ ಕಾಲಕ್ಕೆ ಮಸೀದಿ, 12ನೆಯ ಶತಮಾನದಲ್ಲಿ ಕ್ರುಸೇಡಿನ, ಅಂದರೆ ಯುರೋಪಿನ ಕ್ರೈಸ್ತರ ಧರ್ಮಯುದ್ಧದ ಯೋಧರ ಕೈಯಲ್ಲಿ ಮರಳಿ ಚರ್ಚು, ಸಲಾದಿನ್ ಗೆದ್ದ ಮೇಲೆ ಮರಳಿ ಮಸೀದಿ. 13ನೆಯ ಶತಮಾನದಲ್ಲಿ ಸುಲ್ತಾನ್ ಬೈಬರ್ಸ್ ಮುಸ್ಲಿಮೇತರರ ಪ್ರವೇಶವನ್ನೇ ನಿಲ್ಲಿಸಿದ. ಅಲ್ಲಿಂದ ಸುಮಾರು 700 ವರ್ಷ ಯೆಹೂದ್ಯ ಯಾತ್ರಿಕರು ಹೊರಗಿನ ಏಳನೆಯ ಮೆಟ್ಟಿಲಲ್ಲೇ ನಿಂತು ಪ್ರಾರ್ಥಿಸಿ ಹಿಂತಿರುಗಬೇಕಿತ್ತು. ಇದು ಅವಮಾನವೇ, ಅನುಮಾನ ಬೇಡ.

ಆದರೆ ‘ಸಾವಿರಾರು ವರ್ಷಗಳಿಂದ ಹೊಡೆದಾಟ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಶತಮಾನಗಳಲ್ಲಿ ಯೆಹೂದ್ಯರನ್ನು ಅತಿ ಹೆಚ್ಚು ಕಾಡಿದ್ದು ಕ್ರೈಸ್ತ ಯುರೋಪ್. ಏಸುವಿನ ಸಾವಿನ ಹೊಣೆಯನ್ನು ಇಡೀ ಜನಾಂಗದ ತಲೆಗೆ ಕಟ್ಟಿದ್ದ ಆರೋಪವನ್ನು ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ತಳ್ಳಿಹಾಕಿದ್ದು 1965ರಲ್ಲಿ. 1099ರಲ್ಲಿ ಜೆರುಸಲೇಮನ್ನು ಹಿಡಿದ ಕ್ರುಸೇಡಿನ ಪಡೆ ಮುಸ್ಲಿಮರನ್ನೂ ಯೆಹೂದ್ಯರನ್ನೂ ಒಟ್ಟಿಗೇ ಕೊಂದಿತು. 1492ರಲ್ಲಿ ಸ್ಪೇನ್ ಯೆಹೂದ್ಯರನ್ನು ಹೊರಹಾಕಿದಾಗ ಆಶ್ರಯ ಕೊಟ್ಟವನು ಆಟೋಮನ್ (ತುರ್ಕಿ) ಸುಲ್ತಾನ ಎರಡನೆಯ ಬಾಯೆಜಿದ್. ಆ ವಂಶಗಳ ಕೆಲವರು ಮುಂದೆ ಇದೇ ಹೆಬ್ರೋನಿಗೆ ಬಂದು ನೆಲೆಸಿದರು. ಅವರು ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ ಕೊಡುತ್ತಿದ್ದರು, ಸಮಾನ ಸ್ಥಾನವಿರಲಿಲ್ಲ. ಆದರೂ ಮನೆಗಳು ಅಕ್ಕಪಕ್ಕದಲ್ಲೇ ಇದ್ದವು.

ಅದನ್ನು ಕೆಡಿಸಿದ್ದು ‘ಈ ನೆಲದಲ್ಲಿ ಯಾರ ರಾಷ್ಟ್ರ?’ ಎಂಬ ಹೊಸ ಪ್ರಶ್ನೆ. ಯುರೋಪಿನ ಕಿರುಕುಳದಿಂದ ಬೇಸತ್ತ ಯೆಹೂದ್ಯರು 1897ರಲ್ಲಿ ಬಾಸೆಲ್‌ನಲ್ಲಿ ಸೇರಿ ತಮಗೊಂದು ನೆಲೆ ಬೇಕೆಂದರು. 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಬ್ರಿಟನ್ ಪ್ಯಾಲೆಸ್ಟೀನಿನಲ್ಲಿ ಆ ನೆಲೆಯ ಭರವಸೆ ಕೊಟ್ಟಿತು. ಆಗ ಅಲ್ಲಿನ ಹತ್ತರಲ್ಲಿ ಒಂಬತ್ತು ಪಾಲು ಜನ ಅರಬರು. ಘೋಷಣೆಯಲ್ಲಿ ಅವರಿಗೆ ಹೆಸರೇ ಇಲ್ಲ, ‘ಯೆಹೂದ್ಯೇತರ ಸಮುದಾಯಗಳು’ ಎಂದಷ್ಟೇ ಇದೆ. ನನ್ನ ಮಟ್ಟಿಗೆ ಈ ಕಾಲದ ಜಗಳದ ಬೇರು ಇಲ್ಲಿದೆ: ಕಷ್ಟದಲ್ಲಿದ್ದ ಒಂದು ಜನಕ್ಕೆ ಇನ್ನೊಂದು ಜನ ವಾಸಿಸುತ್ತಿದ್ದ ನೆಲದ ಬಗ್ಗೆ ಮೂರನೆಯವರು ಕೊಟ್ಟ ಮಾತು.

1929ರಲ್ಲಿ ಯೆಹೂದ್ಯರು ಪ್ರಾರ್ಥಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯ ವಿವಾದ ಕಿಡಿಯಾಗಿ, ವದಂತಿ ಹಬ್ಬಿ, ಹೆಬ್ರೋನಿನಲ್ಲಿ 67 ಯೆಹೂದ್ಯರ ಕೊಲೆಯಾಯಿತು. ಅದೇ ದಿನ ಅರಬ್ ನೆರೆಹೊರೆಯವರು ತಮ್ಮ ಮನೆಗಳಲ್ಲಿ ಅಡಗಿಸಿ ಅನೇಕರ ಜೀವ ಉಳಿಸಿದರು. ಬದುಕುಳಿದವರನ್ನು ಬ್ರಿಟಿಷರು ಊರಿನಿಂದ ಸಾಗಿಸಿದರು. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳಿಂದ ಲಕ್ಷಾಂತರ ಯೆಹೂದ್ಯರು ಕಾಲ್ತೆಗೆಯಬೇಕಾಯಿತು. 1967ರಲ್ಲಿ ಹೆಬ್ರೋನ್ ಇಸ್ರೇಲಿನ ವಶವಾಯಿತು. ಮರುವರ್ಷವೇ ಯೆಹೂದ್ಯರ ಒಂದು ಧಾರ್ಮಿಕ ಗುಂಪು ತಮ್ಮ ಪಾಸ್ಕ ಹಬ್ಬದ ನೆಪದಲ್ಲಿ ಬಂದು ಅಲ್ಲೇ ಉಳಿಯಿತು. ದೇವರು ಕೊಟ್ಟ ನೆಲ, ಬಿಡುವ ಹಕ್ಕು ನಮಗಿಲ್ಲ ಎಂಬುದು ಅವರ ವಾದ. 1988ರ ಹಮಾಸ್ ಸನ್ನದು ಇಡೀ ಪ್ಯಾಲೆಸ್ಟೀನನ್ನು ವಕ್ಫ್, ಅಂದರೆ ದೇವರ ಹೆಸರಿಗೆ ಬಿಟ್ಟ ನೆಲವೆಂದು ಘೋಷಿಸಿತು. ಜಮೀನಿನ ವ್ಯಾಜ್ಯವಾದರೆ ಅಳೆದು ಗಡಿಕಲ್ಲು ನೆಡಬಹುದು. ದೇವರ ಆಸ್ತಿಯೆಂದು ಎರಡೂ ಕಡೆಯವರು ಹೇಳಿದ ಮೇಲೆ ಸರಪಳಿ ಹಿಡಿದು ಬರುವವರು ಯಾರು? ಆದ್ದರಿಂದ ನಿಮ್ಮ ‘ಧರ್ಮವೋ, ಜಮೀನೋ’ ಎಂಬುದಕ್ಕೆ ನನ್ನ ಉತ್ತರ: ಶುರುವಾದದ್ದು ಜಮೀನಿನ ಜಗಳವಾಗಿ, ಬಿಡಿಸಲಾಗದ ಗಂಟಾದದ್ದು ಧರ್ಮ ಸೇರಿಕೊಂಡ ಮೇಲೆ.

1994ರ ಫೆಬ್ರವರಿ 25, ರಂಜಾನ್ ತಿಂಗಳು. ಬರೂಖ್ ಗೋಲ್ಡ್‌ಸ್ಟೀನ್ ಎಂಬ ಯೆಹೂದ್ಯ ವಲಸಿಗ ಇದೇ ಕಟ್ಟಡದಲ್ಲಿ ನಮಾಜಿನಲ್ಲಿದ್ದ 29 ಮಂದಿಯನ್ನು ಗುಂಡಿಕ್ಕಿ ಕೊಂದ. ಆಮೇಲೆ ಕಟ್ಟಡವನ್ನೇ ಪಾಲು ಮಾಡಲಾಯಿತು. ಇಸಾಕನ ಸಮಾಧಿಯ ದೊಡ್ಡ ಸಭಾಂಗಣ ಮುಸ್ಲಿಮರ ಕಡೆ, ಇಸಾಕನ ಮಗ ಯಾಕೋಬನದು ಯೆಹೂದ್ಯರ ಕಡೆ, ಪ್ರವೇಶದ್ವಾರ ಬೇರೆ ಬೇರೆ. ವರ್ಷದಲ್ಲಿ ಹತ್ತು ದಿನ ಇಡೀ ಕಟ್ಟಡ ಅವರಿಗೆ, ಹತ್ತು ದಿನ ಇವರಿಗೆ.

ಪ್ರಶ್ನೆ: ಪ್ಯಾಲೆಸ್ಟೀನಿನ ಕ್ರೈಸ್ತರು ಯಾರ ಕಡೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ಅವರು ಅರಬರೇ, ಮಾತು, ಪ್ರಾರ್ಥನೆ ಅರಬ್ಬಿಯಲ್ಲಿ. ಬೆತ್ಲೆಹೇಮಿನ ಕ್ರೈಸ್ತ ಕುಟುಂಬವೂ ನೆರೆಯ ಮುಸ್ಲಿಮರಂತೆಯೇ ತಪಾಸಣಾ ಠಾಣೆಯ ಸಾಲಿನಲ್ಲಿ ನಿಲ್ಲುತ್ತದೆ. ಪ್ಯಾಲೆಸ್ಟೀನ್ ವಿಮೋಚನೆಯ ಉಗ್ರ ಎಡಪಂಥೀಯ ನಾಯಕ ಜಾರ್ಜ್ ಹಬಾಶ್ ಹುಟ್ಟಿದ್ದು ಕ್ರೈಸ್ತ ಮನೆತನದಲ್ಲಿ. ಇನ್ನು ಜೆರುಸಲೇಮಿನಲ್ಲಿ ಏಸುವಿನ ಸಮಾಧಿಯಿರುವ ಚರ್ಚನ್ನು ಆರು ಕ್ರೈಸ್ತ ಪಂಗಡಗಳು ಹಂಚಿಕೊಂಡಿವೆ. ಅದರ ಬಾಗಿಲು ಮತ್ತು ಬೀಗದಕೈ ನೋಡಿಕೊಳ್ಳುವುದು ನುಸೇಬೆ, ಜೂದೆ ಎಂಬ ಎರಡು ಮುಸ್ಲಿಂ ಮನೆತನಗಳು, ಶತಮಾನಗಳಿಂದ.

ಪ್ರಶ್ನೆ: ಆ ನೆಲಕ್ಕೂ ಕರ್ನಾಟಕಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇದೆ, ರಕ್ತದ ಸಂಬಂಧ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಆಟೋಮನ್ನರಿಂದ ಗೆದ್ದದ್ದು ಬ್ರಿಟಿಷರ ಪರವಾಗಿ ಹೋರಾಡಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಗಳು. ಜೋಧಪುರದವರು ಊರಿನೊಳಕ್ಕೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಬಾಲ್ಫರ್ ಘೋಷಣೆಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ, ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಹೂ ಇಡುತ್ತಾರೆ.