ಸಣ್ಣ ಡೆಸ್ಕ್‌ಟಾಪ್ ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡಿ

ಮನೆಗೆ ಸಣ್ಣ ಡೆಸ್ಕ್‌ಟಾಪ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೊಳ್ಳಬಹುದು. ಮಗಳ ಓದು, ಅಂಗಡಿಯ ಲೆಕ್ಕಪತ್ರ, ಬಿಡುವಿದ್ದಾಗ ಒಂದು ಸಿನಿಮಾ, ಇರುವುದು ಎರಡೇ ಕೋಣೆಯ ಮನೆ ಎಂದು ಬರೆದಿದ್ದೀರಿ. ಇಷ್ಟಕ್ಕೆ ದೊಡ್ಡ ಕ್ಯಾಬಿನೆಟ್ ತಂದು ಮೇಜಿನ ಕೆಳಗೆ ಕಾಲು ಚಾಚಲೂ ಜಾಗವಿಲ್ಲದಂತೆ ಮಾಡಿಕೊಳ್ಳಬೇಕಿಲ್ಲ. ಆದರೆ ಸಣ್ಣವೆಲ್ಲ ಒಂದೇ ಜಾತಿಯವಲ್ಲ. ಕಂಪ್ಯೂಟರ್ ರಿಪೇರಿ ನನ್ನ ಕಸುಬಾದ್ದರಿಂದ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೆಟ್ಟರೆ ಇದರಲ್ಲಿ ಏನನ್ನು ಬದಲಿಸಬಹುದು?

ಆ ದೃಷ್ಟಿಯಿಂದ ನಿಮಗೆ ಸರಿಹೊಂದುವುದು ಕಚೇರಿಗಳಿಗೆಂದು ತಯಾರಾಗುವ, ಹೆಚ್ಚುಕಡಿಮೆ ಒಂದು ಲೀಟರ್ ಗಾತ್ರದ ಯಂತ್ರಗಳು. ಲೆನೊವೊದ ಟೈನಿ, ಡೆಲ್‌ನ ಮೈಕ್ರೊ, ಎಚ್‌ಪಿಯ ಮಿನಿ ಈ ಸಾಲಿನವು. ಸುಮಾರು 18 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಮೂರೂವರೆ ಸೆಂಟಿಮೀಟರ್ ದಪ್ಪ. ಮಾನಿಟರ್ ಬೆನ್ನಿಗೇ ತಿರುಪು ಹಾಕಿ ಕೂರಿಸಬಹುದು. ಟೈನಿಯನ್ನು ಒಮ್ಮೆ ನಿಮ್ಮೆದುರೇ ಬಿಚ್ಚಿಸಿ ನೋಡಿ. ಹಿಂಬದಿಯ ಒಂದು ಸ್ಕ್ರೂ ತೆಗೆದು ಮುಚ್ಚಳವನ್ನು ಮುಂದಕ್ಕೆ ಸರಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಲ್ಯಾಪ್‌ಟಾಪಿಗೆ ಹಾಕುವ ರ‍್ಯಾಮ್ (ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ನೆನಪು) ಇದಕ್ಕೂ ಆಗುತ್ತದೆ, ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿಯನ್ನು ಯಾವಾಗ ಬೇಕಾದರೂ ದೊಡ್ಡದಕ್ಕೆ ಬದಲಿಸಬಹುದು. ಹಗುರ ಕೆಲಸದಲ್ಲಿ ಹತ್ತು ಹದಿನೈದು ವಾಟ್ ಆಸುಪಾಸಿನಲ್ಲೇ ಓಡುತ್ತದೆ. ಹಾಗಾಗಿ ಕರೆಂಟ್ ಹೋದಾಗ ದೊಡ್ಡ ಕ್ಯಾಬಿನೆಟ್ಟನ್ನು ಕೆಲವೇ ನಿಮಿಷ ಹಿಡಿದಿಡುವ ಯುಪಿಎಸ್ ಇದನ್ನು ಬಹಳ ಹೊತ್ತು ನಡೆಸುತ್ತದೆ. ನಮ್ಮ ಊರುಗಳಲ್ಲಿ ಇದು ಸಣ್ಣ ಲಾಭವಲ್ಲ.

ಇನ್ನು ತೊಂದರೆಗಳು. ಎಲ್ಲಕ್ಕಿಂತ ದೊಡ್ಡ ತೊಂದರೆ ಬಿಸಿ. ಇಕ್ಕಟ್ಟಿನ ಜಾಗದಲ್ಲಿ ಪುಟ್ಟ ಫ್ಯಾನ್ ಜೋರಾಗಿ ತಿರುಗಲೇಬೇಕು, ಭಾರದ ಕೆಲಸ ಕೊಟ್ಟರೆ ಅದರ ಸಣ್ಣ ಸೀಟಿಯಂಥ ಸದ್ದು ರಾತ್ರಿ ಓದುವವರಿಗೆ ಕಿರಿಕಿರಿಯಾಗುತ್ತದೆ. ರಸ್ತೆ ಬದಿಯ ಮನೆಗಳಿಂದ ಬಂದ ಯಂತ್ರಗಳ ಫ್ಯಾನ್ ಎತ್ತಿದರೆ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ಲೋಹದ ಪದರಗಳ ನಡುವೆ ಧೂಳು ಕಂಬಳಿಯಂತೆ ಕಟ್ಟಿಕೊಂಡಿರುತ್ತದೆ. ಯಂತ್ರದ ಮಿದುಳಾದ ಪ್ರೊಸೆಸರ್ ಕಾದು ವೇಗ ತಗ್ಗಿಸಿಕೊಳ್ಳುತ್ತದೆ. ಮನೆಯವರು ವೈರಸ್ ಬಂದಿದೆ ಎಂದುಕೊಂಡಿರುತ್ತಾರೆ. ವರ್ಷಕ್ಕೊಮ್ಮೆ ಬ್ಲೋವರ್ ಹೊಡೆಸಿ, ಪ್ರೊಸೆಸರ್ ಮೇಲೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿಸಿ. ಅಡಾಪ್ಟರ್ ಇನ್ನೊಂದು ತಲೆನೋವು. ಸಿಕ್ಕಿದ ಅಗ್ಗದ್ದನ್ನು ಸಿಕ್ಕಿಸಿದರೆ ಕೆಲವು ಯಂತ್ರಗಳು ಅದನ್ನು ತಮ್ಮದೆಂದು ಗುರುತಿಸದೆ ನಿಧಾನವಾಗಿಬಿಡುತ್ತವೆ. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಹೋದರೆ ಅದೇ ಮಾದರಿಯದನ್ನೇ ಹುಡುಕಬೇಕು. ಮಗಳು ಮುಂದೆ ಆ್ಯನಿಮೇಷನ್ ಕಲಿಯುವ ಅಥವಾ ದೊಡ್ಡ ಗೇಮ್ ಆಡುವ ಆಸೆಯಿದ್ದರೆ ಇದನ್ನು ಮರೆತುಬಿಡಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಇದರಲ್ಲಿ ಎಡೆಯಿಲ್ಲ.

ಹಾಗೆ ಆಸೆಯಿದ್ದರೆ ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್ ಹಾಕಿ ಕಟ್ಟಿಸುವ ಚಿಕ್ಕ ಕ್ಯಾಬಿನೆಟ್ ಇದೆ. 2001ರಲ್ಲಿ ತೈವಾನಿನ ವಿಐಎ ಕಂಪನಿ ತಂದ 17 ಸೆಂಟಿಮೀಟರ್ ಚೌಕದ ಈ ಅಳತೆಯನ್ನು ಇವತ್ತು ಎಲ್ಲ ಕಂಪನಿಗಳೂ ಪಾಲಿಸುವುದರಿಂದ ಒಂದು ಕೆಟ್ಟರೆ ಇನ್ನೊಂದು ಕಂಪನಿಯದನ್ನು ಕೂರಿಸಬಹುದು. ಖರ್ಚು ಮಾತ್ರ ದೊಡ್ಡ ಕ್ಯಾಬಿನೆಟ್ಟಿಗಿಂತ ಹೆಚ್ಚು. ಆ್ಯಪಲ್ ಕಂಪನಿಯ 2024ರ ಮ್ಯಾಕ್ ಮಿನಿ ವೇಗದಲ್ಲಿ, ನಿಶ್ಶಬ್ದದಲ್ಲಿ ಒಂದು ಲೀಟರಿನ ಹೆಚ್ಚಿನ ಯಂತ್ರಗಳನ್ನು ಮೀರಿಸುತ್ತದೆ, ನಿಜ. ಆದರೆ ಅದರ ರ‍್ಯಾಮ್ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ರಿಪೇರಿಯವನಾಗಿ ನನಗೆ ಅದು ಒಪ್ಪಿಗೆಯಿಲ್ಲ.

ನಿಮ್ಮ ಅಗತ್ಯಕ್ಕೆ ಕಚೇರಿಗಳು ಬಳಸಿ ಬಿಟ್ಟ ಒಂದು ಲೀಟರಿನ ಯಂತ್ರವೇ ಸಾಕು. ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ ನೋಡಿ. ಪ್ರೊಸೆಸರ್ ಇಂಟೆಲ್ ಕಂಪನಿಯ ಎಂಟನೇ ತಲೆಮಾರಿನ ಐ5-8500ಟಿ ಅಥವಾ ಅದಕ್ಕಿಂತ ಹೊಸದಿರಲಿ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣ ಕೊಡುವ ಮುನ್ನ, ಯಂತ್ರ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ನೋಡಿ. ಹಳೆಯ ಕಚೇರಿಯ ಪಾಸ್‌ವರ್ಡ್ ಕೇಳಿದರೆ ಬೇಡ ಎನ್ನಿ. ಎಷ್ಟೋ ಕಚೇರಿ ಯಂತ್ರಗಳಲ್ಲಿ ವೈಫೈ ಕಾರ್ಡ್ ಇರುವುದಿಲ್ಲ. ಮಾನಿಟರ್ ಜೋಡಿಸಲು ಎಚ್‌ಡಿಎಂಐ ಇಲ್ಲದೆ ಡಿಸ್‌ಪ್ಲೇಪೋರ್ಟ್ ಮಾತ್ರ ಇರುವುದೂ ಉಂಟು. ಆದ್ದರಿಂದ ನಿಮ್ಮ ಮಾನಿಟರಿನ ಹಿಂಬದಿಯ ಫೋಟೊ ತೆಗೆದುಕೊಂಡು ಹೋಗಿ, ಅದಕ್ಕೆ ಹೊಂದುವ ಕೇಬಲ್ ಅಲ್ಲೇ ಕೇಳಿ ತನ್ನಿ.